ಜಾಲಪುಟಕ್ಕೊಂದು ಶೀಘ್ರಲಿಪಿ

ಕೇಳುಗರೇ, ನಮಸ್ಕಾರ. ಮೊದಲು ಈ ಸಾಲನ್ನು ಕೇಳಿಸಿಕೊಳ್ಳಿ. ಕೋನಾವರಣ ತೆರೆಯಿತು, ಪಿ, ಕೋನಾವರಣ ಮುಚ್ಚಿತು, ನಮಸ್ಕಾರ, ಮತ್ತೆ ಕೋನಾವರಣ ತೆರೆಯಿತು, ಓರೆಗೆರೆ, ಪಿ, ಕೋನಾವರಣ ಮುಚ್ಚಿತು. ಜಾಲಪುಟದಲ್ಲಿ ‘ನಮಸ್ಕಾರ’ ಎಂಬ ಒಂದೇ ಪದದ ಪ್ಯಾರಾ ಮೂಡಿಸಲು, ಜಾಲಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಕೇಳುವ ಸುಂಕ ಇದು. ಕೊನೆಯ ಗುರುತನ್ನು ಬಿಟ್ಟರೂ ನಿಯಮ ಒಪ್ಪುತ್ತದೆ, ಆ ಮಾತು ಬೇರೆ, ಬಿಡುವವರು ಕಡಿಮೆ. ಇದನ್ನೇ ಹ್ಯಾಮಲ್ ಎಂಬ ಚುಟುಕು ಬರಹದಲ್ಲಿ ಓದುತ್ತೇನೆ: ಶೇಕಡಾ ಚಿಹ್ನೆ, ಪಿ, ನಮಸ್ಕಾರ. ಮುಗಿಯಿತು. ಮಾರ್ಕ್‌ಡೌನ್ ಎಂಬ ಇನ್ನೊಂದು ಚುಟುಕಿನಲ್ಲಾದರೆ ಆ ಚಿಹ್ನೆಯೂ ಬೇಡ. ಪದ ಬರೆದು ಒಂದು ಸಾಲು ಖಾಲಿ ಬಿಟ್ಟರೆ ಅದೇ ಪ್ಯಾರಾ.

ಕಚೇರಿಗಳಲ್ಲಿ ಶೀಘ್ರಲಿಪಿಕಾರರು ಗೀಟುಗಳಲ್ಲಿ ಬರೆದುಕೊಂಡು ಆಮೇಲೆ ಪೂರ್ತಿ ಪತ್ರವನ್ನು ಟೈಪ್ ಮಾಡುತ್ತಿದ್ದರಲ್ಲ, ಇಲ್ಲಿನ ಕ್ರಮವೂ ಅದೇ. ಬರೆಯುವವರು ಚುಟುಕಾಗಿ ಬರೆಯುತ್ತಾರೆ, ಒಂದು ತಂತ್ರಾಂಶ ಅದನ್ನು ವಿಸ್ತರಿಸುತ್ತದೆ. ಬ್ರೌಸರ್‌ಗೆ ತಲುಪುವುದು ವಿಸ್ತರಿಸಿದ ಪ್ರತಿ ಮಾತ್ರ. ಹ್ಯಾಮಲ್ ಎಂಬ ಹೆಸರನ್ನೇ ಅದು ಕೇಳಿರುವುದಿಲ್ಲ.

ಹ್ಯಾಮಲ್ ಬಂದದ್ದು 2006ರಲ್ಲಿ, ಹ್ಯಾಂಪ್ಟನ್ ಕ್ಯಾಟ್ಲಿನ್ ಅವರಿಂದ. ಯಾವುದರೊಳಗೆ ಯಾವುದಿದೆ ಎಂಬುದನ್ನು ಅದು ಸಾಲಿನ ಮುಂದಿನ ಖಾಲಿ ಜಾಗದಿಂದಲೇ ತಿಳಿದುಕೊಳ್ಳುತ್ತದೆ. ಎರಡು ಸ್ಪೇಸ್ ಒಳಕ್ಕೆ ಸರಿಸಿದರೆ ಆ ಸಾಲು ಮೇಲಿನ ಸಾಲಿನ ಮಗು. ಆದ್ದರಿಂದ ಮುಚ್ಚುವ ಗುರುತುಗಳೇ ಬೇಡ. ಕಣ್ಣಿಗೆ ಬಲು ಅಂದ. ಆದರೆ ಖಾಲಿ ಜಾಗಕ್ಕೆ ಅರ್ಥ ಬಂದಾಗ ತಪ್ಪೂ ಖಾಲಿ ಜಾಗದಲ್ಲೇ ಅಡಗಿ ಕೂರುತ್ತದೆ. ಕೆಲವು ಸಾಲುಗಳಲ್ಲಿ ಸ್ಪೇಸ್, ಒಂದೆರಡು ಸಾಲುಗಳಲ್ಲಿ ಟ್ಯಾಬ್ ಬೆರೆತ ಕಡತವೊಂದರ ಮುಂದೆ ನಾನು ಅರ್ಧ ದಿನ ಕಳೆದಿದ್ದೇನೆ. ಪರದೆಯ ಮೇಲೆ ಎರಡೂ ಒಂದೇ ಬಿಳುಪು.

ಕೋಡ್ ಬರೆಯುವ ತಂತ್ರಾಂಶದೊಳಗೇ ಕೆಲಸ ಮಾಡುವ ಎಮ್ಮೆಟ್ ಎಂಬುದರ ದಾರಿ ಬೇರೆ. ಯು ಎಲ್, ‘ಇದಕ್ಕಿಂತ ದೊಡ್ಡದು’ ಎಂಬ ಗಣಿತ ಚಿಹ್ನೆ, ಎಲ್ ಐ, ನಕ್ಷತ್ರ, ಐದು ಎಂದು ಒತ್ತಿ ಟ್ಯಾಬ್ ಕೀಲಿ ಮುಟ್ಟಿದರೆ ಐದು ಅಂಶಗಳ ಪಟ್ಟಿಯ ಚೌಕಟ್ಟು ಅಲ್ಲೇ ಬಿಚ್ಚಿಕೊಳ್ಳುತ್ತದೆ. ಕಡತದಲ್ಲಿ ಉಳಿಯುವುದು ಅಪ್ಪಟ ಎಚ್‌ಟಿಎಂಎಲ್. ಶೀಘ್ರಲಿಪಿ ಬೆರಳಿನ ಮಟ್ಟಿಗೆ ಮಾತ್ರ. ಹೊಸದಾಗಿ ಕಲಿಯುವವರು ಯಾವುದನ್ನು ಹಿಡಿಯಬೇಕೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಇನ್ನು ಪುಟದ ಬಣ್ಣ, ಅಳತೆ, ಅಂತರಗಳನ್ನು ನಿರ್ಧರಿಸುವ ಶೈಲಿಹಾಳೆ, ಅಂದರೆ ಸಿಎಸ್‌ಎಸ್. ಅಲ್ಲಿ ಸಂಕಟ ಟೈಪಿಂಗ್‌ನದ್ದಲ್ಲ. ಒಂದೇ ನೀಲಿ ಬಣ್ಣವನ್ನು ನಲವತ್ತು ಕಡೆ ಬರೆದು, ನಾಳೆ ಅದನ್ನು ಹಸಿರು ಮಾಡಿ ಎಂದಾಗ ಮೂವತ್ತೊಂಬತ್ತು ಕಡೆ ಮಾತ್ರ ತಿದ್ದುವುದು ಸಂಕಟ. 2006ರಲ್ಲೇ ಹುಟ್ಟಿದ ಸ್ಯಾಸ್ ಎಂಬ ಶೈಲಿಹಾಳೆಯ ಶೀಘ್ರಲಿಪಿ ಇದಕ್ಕೆ ಕೈಹಾಕಿತು. ಬಣ್ಣಕ್ಕೊಂದು ಹೆಸರಿಟ್ಟು ಒಮ್ಮೆ ಬರೆಯಿರಿ, ಮಿಕ್ಕೆಡೆ ಹೆಸರು ಹಿಡಿದು ಕರೆಯಿರಿ. ಮತ್ತೆ ಮತ್ತೆ ಬೇಕಾಗುವ ಸಾಲುಗಳ ಗುಂಪನ್ನು ಮಿಕ್ಸಿನ್ ಎಂದು ಕಟ್ಟಿಡಿ. ಮೆನುವಿನ ಕೊಂಡಿಗಳ ನಿಯಮವನ್ನು ಮೆನುವಿನ ನಿಯಮದ ಒಳಗೇ ಇಡಿ. ಈ ಕೊನೆಯದರಲ್ಲಿ ಮೋಹ ಹೆಚ್ಚು. ಒಳಗೊಳಗೆ ಐದಾರು ಹಂತ ಇಳಿದರೆ ಹೊರಬರುವ ಶೈಲಿಹಾಳೆಯಲ್ಲಿ ಒಂದೊಂದು ನಿಯಮದ ತಲೆಬರಹವೂ ರೈಲಿನಷ್ಟು ಉದ್ದ. ಅದನ್ನು ಮೀರಿಸಿ ಇನ್ನೊಂದು ನಿಯಮ ಬರೆಯಬೇಕೆಂದರೆ ಅದಕ್ಕೂ ಉದ್ದದ ರೈಲು ಬೇಕು. ಬರೆದವರು ಚುಟುಕನ್ನಷ್ಟೇ ನೋಡುತ್ತಿರುವುದರಿಂದ ಅವರಿಗೆ ಇದು ಕಾಣುವುದೇ ಇಲ್ಲ.

ಸ್ಯಾಸ್‌ನ ಮೊದಲ ರೂಪ ಹ್ಯಾಮಲ್‌ನ ತಂಗಿಯಂತಿತ್ತು: ಪುಷ್ಪಾವರಣವಿಲ್ಲ, ಅರ್ಧವಿರಾಮವಿಲ್ಲ. 2010ರ ಮೂರನೆಯ ಆವೃತ್ತಿಯಲ್ಲಿ ಎಸ್‌ಸಿಎಸ್‌ಎಸ್ ಎಂಬ ಎರಡನೆಯ ರೂಪ ಬಂದು, ಬಿಟ್ಟಿದ್ದ ಚಿಹ್ನೆಗಳನ್ನೆಲ್ಲ ಮರಳಿ ತಂದಿತು. ಹೆಚ್ಚಿನವರು ಅಪ್ಪಿದ್ದು ಆ ಉದ್ದದ ರೂಪವನ್ನೇ. ಹಳೆಯ ಸಿಎಸ್‌ಎಸ್ ಕಡತವನ್ನು ಹಾಗೆಯೇ ತಂದಿಟ್ಟರೂ ಅದಕ್ಕೆ ಒಪ್ಪಿಗೆ ಎಂಬುದು ಒಂದು ಅನುಕೂಲ. ನನಗೆ ಕಾಣುವ ಇನ್ನೊಂದು ಕಾರಣ, ಜನ ಅರಸುತ್ತಿದ್ದದ್ದು ನಾಲ್ಕು ಚಿಹ್ನೆಗಳ ಉಳಿತಾಯವನ್ನಲ್ಲ, ಒಂದು ಮಾತನ್ನು ಒಂದೇ ಸಲ ಹೇಳುವ ಅನುಕೂಲವನ್ನು.

ಆ ಅನುಕೂಲದ ಬಹುಪಾಲು ಈಗ ಸಿಎಸ್‌ಎಸ್‌ಗೇ ದಕ್ಕಿದೆ. ಬಣ್ಣಕ್ಕೆ ಹೆಸರಿಡುವುದು ಅದಕ್ಕೆ ಗೊತ್ತು. ನಿಯಮದೊಳಗೆ ನಿಯಮ ಇಡುವುದನ್ನೂ 2023ರಲ್ಲಿ ಪ್ರಮುಖ ಬ್ರೌಸರ್‌ಗಳು ಕಲಿತವು. ಇತ್ತ ರೂಬಿ ಭಾಷೆಯಲ್ಲಿ ಬರೆದಿದ್ದ ಮೂಲ ಸ್ಯಾಸ್ ತಂತ್ರಾಂಶ 2019ರಲ್ಲಿ ನಿಂತುಹೋಗಿ, ಡಾರ್ಟ್ ಭಾಷೆಯಲ್ಲಿ ಬರೆದದ್ದು ಮುಂದುವರಿದಿದೆ. ನನ್ನ ಹಳೆಯ ಯೋಜನೆಯೊಂದರ ಚುಟುಕು ಕಡತಗಳನ್ನು ಹೊಸ ತಂತ್ರಾಂಶಕ್ಕೆ ಕೊಟ್ಟಾಗ ಎಚ್ಚರಿಕೆಯ ಸಾಲುಗಳು ಪುಟಗಟ್ಟಲೆ ಉದುರಿದವು. ಅಂದು ಅವುಗಳಿಂದ ಹೊರಬಂದಿದ್ದ ಸಿಎಸ್‌ಎಸ್ ಮಾತ್ರ ಇಂದಿಗೂ ಯಾವ ಬ್ರೌಸರ್‌ನಲ್ಲೂ ತಕರಾರಿಲ್ಲದೆ ತೆರೆಯುತ್ತದೆ. ಈಗ ತಿದ್ದುಪಡಿಗಳನ್ನು ನೇರ ಅದರಲ್ಲೇ ಮಾಡುತ್ತಿದ್ದೇನೆ. ನಮಸ್ಕಾರ.