ಕತ್ತಲಲ್ಲೂ ಕಿತ್ತಳೆ

ಕೇಳುಗರೆಲ್ಲರಿಗೂ ನಮಸ್ಕಾರ. ಕಫ ಪರೀಕ್ಷೆಗೆ ಕೊಟ್ಟು, ರಿಪೋರ್ಟ್ ಬರುವವರೆಗೆ ನಿದ್ದೆಗೆಡುತ್ತೀರಲ್ಲ, ಇವತ್ತಿನ ಮಾತು ನಿಮಗೆ.

ಕ್ಷಯದ ಕ್ರಿಮಿಗೆ ದೊಡ್ಡ ಬಳಗವಿದೆ. ಆ ಬಳಗದ ಸಾಧು ಎಂದರೆ ಮೈಕೋಬ್ಯಾಕ್ಟೀರಿಯಂ ಗಾರ್ಡೋನೆ. ಅಮೆರಿಕದ ವಿಜ್ಞಾನಿ ರೂತ್ ಗಾರ್ಡನ್ ಅವರ ಗೌರವಕ್ಕೆ 1962ರಲ್ಲಿ ಇಟ್ಟ ಹೆಸರು. ನಲ್ಲಿ, ಕೊಳವೆ, ಮಣ್ಣು ಅದರ ಮನೆ. ಕ್ಲೋರಿನ್‌ಗೂ ಸುಲಭಕ್ಕೆ ಜಗ್ಗುವುದಿಲ್ಲ. ನಾವೆಲ್ಲ ನೀರಿನ ಜೊತೆ ಅದನ್ನು ಕುಡಿಯುತ್ತಲೇ ಇದ್ದೇವೆ. ಏನೂ ಆಗಿಲ್ಲ, ಅಲ್ವಾ?

ತೊಂದರೆ ಒಂದೇ. ಅದರ ಮೈಮೇಲೂ ಕ್ಷಯದ ಕ್ರಿಮಿಯಂಥದೇ ಮೇಣದ ಹೊದಿಕೆ. ಕೆಂಪು ಬಣ್ಣ ಹಾಕಿ ಆಮ್ಲದಲ್ಲಿ ತೊಳೆದರೂ ಬಣ್ಣ ಬಿಡುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಎರಡೂ ಕೆಂಪು ಕಡ್ಡಿಗಳೇ. ಹಾಗಾದರೆ ಗುರುತು ಹಿಡಿಯುವುದು ಹೇಗೆ? ಬೆಳೆಸಿ, ಬಣ್ಣ ನೋಡಿ.

ನಾನು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಒಂದೇ ವಾರ ಕಫ ಹಾಕಿದ ನಾಲ್ಕು ಜನರ ಬಾಟಲಿಗಳಲ್ಲಿ ಕ್ರಿಮಿಯ ಬೆಳವಣಿಗೆ ಬಂತು. ಮೊಟ್ಟೆ ಬೆರೆಸಿ ಮಾಡಿದ ಹಸಿರು ಆಹಾರದ ಮೇಲೆ ನುಣುಪಾದ ಕಿತ್ತಳೆ ಚುಕ್ಕೆಗಳು, ಸಣ್ಣ ಬೂಂದಿ ಕಾಳಿನ ಹಾಗೆ ಮಿರಿಮಿರಿ. ನಾಲ್ವರಲ್ಲಿ ಒಬ್ಬಳು ಪಿಯುಸಿ ಹುಡುಗಿ. ಅವಳಪ್ಪ ಬಾಗಿಲಲ್ಲೇ ನಿಂತಿದ್ದರು. "ಮೇಡಂ, ಆರು ತಿಂಗಳ ಮಾತ್ರೆ ಶುರು ಮಾಡ್ಬೇಕಾ?" ನಾನು ಹೂಂ ಅನ್ನುವುದರಲ್ಲಿದ್ದೆ. ನಮ್ಮ ಹಿರಿಯ ಮೇಡಂ ಬಾಟಲಿ ಎತ್ತಿ ಹಿಡಿದು, "ಕ್ಷಯ ಯಾವತ್ತಮ್ಮಾ ಈ ಬಣ್ಣದಲ್ಲಿ ಬೆಳೆದಿದೆ?" ಅಂದರು. ಹೌದಲ್ಲ! ಕ್ಷಯದ್ದು ಒರಟೊರಟು, ರಸ್ಕಿನ ಪುಡಿ ಚೆಲ್ಲಿದ ಹಾಗೆ, ಮಾಸಲು ಕೆನೆ ಬಣ್ಣ. ಮೇಡಂ ಅದನ್ನು ಹೊಸ ಬಾಟಲಿಗೆ ಹಾಕಿಸಿ, ಕಪ್ಪು ಕಾಗದ ಸುತ್ತಿ ಇಟ್ಟರು. ಮೂರು ವಾರ ಕಾದೆವು. ಬಿಚ್ಚಿದರೆ, ಕತ್ತಲಲ್ಲಿ ಬೆಳೆದೂ ಅದೇ ಕಿತ್ತಳೆ. ಬೆಳಕಿಲ್ಲದೆಯೂ ಬಣ್ಣ ತಳೆಯುವುದು ಗಾರ್ಡೋನೆಯ ಗುಣ. ಆಮೇಲೆ ನಮ್ಮ ಸಿಂಕಿನ ನಲ್ಲಿಯ ಮೂತಿ ಬಿಚ್ಚಿ, ಒಳಗಿನ ಲೋಳೆ ಕೆರೆದು ಬೆಳೆಸಿದೆವು. ಅದೂ ಕಿತ್ತಳೆ! ಕ್ರಿಮಿ ಇದ್ದದ್ದು ಹುಡುಗಿಯ ಎದೆಯಲ್ಲಲ್ಲ, ನಮ್ಮ ನಲ್ಲಿಯಲ್ಲಿ. ವಿಷಯ ಹೇಳಿದಾಗ ಅವಳಪ್ಪ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು.

ಇವತ್ತಿಗೂ ಸುಮ್ನೆ "ಬೆಳವಣಿಗೆ ಇದೆ" ಅಂತಷ್ಟೇ ಬರೆದು ಕಳಿಸುವವರಿದ್ದಾರೆ. ಲ್ಯಾಬಿನ ಗೆಳೆಯರೇ, ದಯವಿಟ್ಟು ಬಣ್ಣ ನೋಡಿ, ಬಣ್ಣ ಬರೆಯಿರಿ. ಎಷ್ಟು ಸಲ ಹೇಳುವುದು?

ಸಮಯ ಜಾಸ್ತಿ ಉಳಿದಿಲ್ಲ. ಈಗ ಸಿಬಿನ್ಯಾಟ್ ಯಂತ್ರ ಬಂದಿದೆ, ಸುಮಾರು 2 ಗಂಟೆಯಲ್ಲಿ ಕ್ಷಯವೋ ಅಲ್ಲವೋ ಹೇಳುತ್ತದೆ. ಕ್ಷಯ ಎಂದು ಖಾತ್ರಿಯಾದವರು ಮಾತ್ರೆ ಒಂದು ದಿನವೂ ಬಿಡಬೇಡಿ. ಬರೀ "ಬೆಳವಣಿಗೆ" ಎಂಬ ಚೀಟಿ ಹಿಡಿದು ಕೂತವರು ನಾಳೆಯೇ ಹೋಗಿ ಕೇಳಿ, ಬಾಟಲಿಯಲ್ಲಿ ಬಂದದ್ದು ಯಾವ ಬಣ್ಣ ಅಂತ. ನಮಸ್ಕಾರ.