ಅರ್ಧ ವೇಗದಲ್ಲಿ ಆಡಲಾಗದ ಆಟ: ಪ್ರೊ ಬೌಲ್ ಬದಲಾದ ಬಗೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್, ಪ್ರತಿವರ್ಷ ತನ್ನ ಆಯ್ದ ಆಟಗಾರರನ್ನು ಒಂದೆಡೆ ಸೇರಿಸಿ ಆಡಿಸುವ ಪಂದ್ಯಕ್ಕೆ ಪ್ರೊ ಬೌಲ್ ಎಂದು ಹೆಸರು. 2022ರ ಫೆಬ್ರವರಿಯ ನಂತರ ಈ ಪಂದ್ಯ ಹಳೆಯ ರೂಪದಲ್ಲಿ ನಡೆದಿಲ್ಲ. ಹೆಲ್ಮೆಟ್ಟು, ಭುಜದ ಕವಚ ತೊಟ್ಟು ಒಬ್ಬರನ್ನೊಬ್ಬರು ಕೆಡವುತ್ತಿದ್ದವರು ಈಗ ಅಂಗಿ ಚಡ್ಡಿಯಲ್ಲಿ, ಸೊಂಟದ ಪಟ್ಟಿಗೆ ಫ್ಲ್ಯಾಗ್ ಎಂಬ ಎರಡು ಇಳಿಬೀಳುವ ಪಟ್ಟಿ ಸಿಕ್ಕಿಸಿಕೊಂಡು ಫ್ಲ್ಯಾಗ್ ಫುಟ್‌ಬಾಲ್ ಆಡುತ್ತಾರೆ. ಇದನ್ನು ಕಂಡು ಬೇಸರಪಟ್ಟ ಹಳೆಯ ಅಭಿಮಾನಿಗಳು ಬಹಳ. ಆದರೆ ಲೀಗ್ ಮಾಡಿದ್ದು ಸರಿಯಾದ ಕೆಲಸ, ಅದನ್ನು ಹತ್ತು ವರ್ಷ ಮೊದಲೇ ಮಾಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಆಟದ ಒಳಗೇ ಇದೆ.

ಮೊದಲು ಆಟವನ್ನು ಸ್ವಲ್ಪ ನೋಡೋಣ. ಒಂದೊಂದು ತಂಡದಿಂದ 11 ಮಂದಿ, 100 ಗಜದ ಅಂಕಣ. ಚೆಂಡು ಹಿಡಿದ ತಂಡಕ್ಕೆ 10 ಗಜ ಮುಂದೆ ಹೋಗಲು 4 ಅವಕಾಶ. ಪ್ರತಿ ಅವಕಾಶದಲ್ಲೂ ಚೆಂಡು ಹಿಂದಕ್ಕೆ, ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನ ಕೈಗೆ ಬರುತ್ತದೆ. ಅವನ ಮುಂದೆ ಐವರು ಲೈನ್‌ಮನ್‌ಗಳು ಗೋಡೆ ಕಟ್ಟಿ ನಿಲ್ಲುತ್ತಾರೆ, ಒಬ್ಬೊಬ್ಬರ ತೂಕ 140 ಕಿಲೋ ಆಸುಪಾಸು. ಎದುರಾಳಿಗಳು ಆ ಗೋಡೆ ಒಡೆದು ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಲು ನುಗ್ಗುತ್ತಾರೆ. ಮೂರು ನಾಲ್ಕು ಸೆಕೆಂಡಿನಲ್ಲಿ ಎಲ್ಲ ತೀರ್ಮಾನವಾಗುತ್ತದೆ.

ಈ ಐವರ ಕೆಲಸ ದೂರದಿಂದ ನೋಡಿದರೆ ಬರೀ ತಳ್ಳಾಟ. ನಿಜದಲ್ಲಿ ಇಡೀ ಆಟದಲ್ಲಿ ಇಷ್ಟು ಹೊಂದಾಣಿಕೆ ಬೇಡುವ ಕೆಲಸ ಇನ್ನೊಂದಿಲ್ಲ. ಎಡಗಡೆಯಿಂದ ಬಂದವನು ಹಠಾತ್ತನೆ ಒಳಕ್ಕೆ ತಿರುಗಿದರೆ ಅವನನ್ನು ಪಕ್ಕದವನಿಗೆ ಒಪ್ಪಿಸಬೇಕು, ಅವನ ಬೆನ್ನಿಗೇ ಸುತ್ತಿ ಬರುವ ಇನ್ನೊಬ್ಬನನ್ನು ತಾನು ಎತ್ತಿಕೊಳ್ಳಬೇಕು. ರಕ್ಷಣೆಯ ತಂಡ ಕೆಲವೊಮ್ಮೆ ಹಿಂದಿನ ಸಾಲಿನಿಂದಲೂ ಒಬ್ಬಿಬ್ಬರನ್ನು ಹೆಚ್ಚಿಗೆ ನುಗ್ಗಿಸುತ್ತದೆ. ಅದಕ್ಕೆ ಬ್ಲಿಟ್ಜ್ ಎನ್ನುತ್ತಾರೆ. ಬ್ಲಿಟ್ಜ್ ಯಾವ ಕಡೆಯಿಂದ ಬರಬಹುದು ಎಂದು ನಡುವೆ ನಿಂತ ಸೆಂಟರ್ ಅಂದಾಜು ಮಾಡಿ ಸಂಕೇತ ಕೂಗುತ್ತಾನೆ, ಉಳಿದ ನಾಲ್ವರು ಆ ಕ್ಷಣವೇ ತಮ್ಮ ಗುರಿ ಬದಲಿಸುತ್ತಾರೆ. ಒಂದೇ ತಂಡದವರು ತಿಂಗಳುಗಟ್ಟಲೆ ಒಟ್ಟಿಗೆ ಅಭ್ಯಾಸ ಮಾಡಿದರೂ ಇದರಲ್ಲಿ ತಪ್ಪುತ್ತಾರೆ. ಪ್ರೊ ಬೌಲ್‌ನಲ್ಲಿ ಈ ಐವರು ಬೇರೆ ಬೇರೆ ತಂಡಗಳಿಂದ ಬಂದವರು. ಒಂದು ತಂಡದ ಸಂಕೇತ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ, ಅಭ್ಯಾಸಕ್ಕೆ ಸಿಗುವುದು ಕೆಲವೇ ದಿನ. ಇಂಥ ಗೋಡೆಯ ಮೇಲೆ ಬ್ಲಿಟ್ಜ್ ಬಿಟ್ಟರೆ ಲೀಗ್‌ನ ಅತಿ ದುಬಾರಿ ಕ್ವಾರ್ಟರ್‌ಬ್ಯಾಕ್ ಸ್ಟ್ರೆಚರ್ ಮೇಲೆ ಹೊರಗೆ ಹೋಗುತ್ತಾನೆ.

ಆದ್ದರಿಂದ ಪ್ರೊ ಬೌಲ್‌ನಲ್ಲಿ ಬ್ಲಿಟ್ಜ್ ನಿಷೇಧವಾಯಿತು. ಒಂದು ನಿಷೇಧ ಬಂದಮೇಲೆ ಅದರ ಬಾಲಕ್ಕೆ ಇನ್ನಷ್ಟು ಬಂದವು. ರಕ್ಷಣೆಯವರು ಮುಂದೆ ನಾಲ್ವರು, ಹಿಂದೆ ಮೂವರು ಎಂಬ ಒಂದೇ ವ್ಯೂಹದಲ್ಲಿ ನಿಲ್ಲಬೇಕು. ಅವರಿಗೆ ಬೇರೆ ವ್ಯೂಹ ಕಲಿಯಲು ಸಮಯವಿಲ್ಲವಾದ್ದರಿಂದ ದಾಳಿಯವರೂ ಅವರನ್ನು ಗೊಂದಲಕ್ಕೆ ಕೆಡವಬಾರದು. ಹೀಗಾಗಿ ಚೆಂಡು ಬರುವ ಮೊದಲು ಆಟಗಾರರು ಅಡ್ಡಡ್ಡ ಓಡುವುದು ನಿಂತಿತು, ಒಂದೇ ಬದಿಯಲ್ಲಿ ಇಬ್ಬರಿಗಿಂತ ಹೆಚ್ಚು ರಿಸೀವರ್‌ಗಳು, ಅಂದರೆ ಓಡಿ ಹೋಗಿ ಪಾಸ್ ಹಿಡಿಯುವವರು, ನಿಲ್ಲುವುದೂ ನಿಂತಿತು. ಸಿಕ್ಕಿಬಿದ್ದ ಕ್ವಾರ್ಟರ್‌ಬ್ಯಾಕ್ ಪೆಟ್ಟು ತಪ್ಪಿಸಿಕೊಳ್ಳಲು ಚೆಂಡನ್ನು ಯಾರೂ ಇಲ್ಲದ ಕಡೆ ಎಸೆದರೆ ಲೀಗ್ ಪಂದ್ಯದಲ್ಲಿ ದಂಡ ಬೀಳುತ್ತದೆ, ಇಲ್ಲಿ ಅದಕ್ಕೆ ಪರವಾನಗಿ ಸಿಕ್ಕಿತು. ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವ ಪಂಟ್ ವೇಳೆ, ಕಂಬಗಳ ನಡುವೆ ಒದ್ದು ಅಂಕ ಗಳಿಸುವ ಫೀಲ್ಡ್ ಗೋಲ್ ವೇಳೆ ಅಡ್ಡ ನುಗ್ಗುವಂತಿರಲಿಲ್ಲ. ರಿಸೀವರ್‌ಗಳನ್ನು ಆರಂಭದಲ್ಲೇ ಮೈಗೆ ಮೈ ತಾಗಿಸಿ ತಡೆಯುವುದಕ್ಕೂ, ಗೋಲಿನ ಹತ್ತಿರದ 5 ಗಜ ಬಿಟ್ಟರೆ, ಬಹುಕಾಲ ಅವಕಾಶವಿರಲಿಲ್ಲ.

ಒಂದೊಂದನ್ನೇ ನೋಡಿದರೆ ಪ್ರತಿ ನಿಯಮವೂ ನ್ಯಾಯವಾದದ್ದೇ. ಒಟ್ಟುಗೂಡಿಸಿ ನೋಡಿ: ರಕ್ಷಣೆ ಎಂಬ ಅರ್ಧ ಆಟವೇ ಮಾಯವಾಗಿದೆ. 2004ರಲ್ಲಿ ಸ್ಕೋರು 55-52, ಎರಡೂ ಸೇರಿ 107 ಅಂಕ. ಅಂಕ ಹೆಚ್ಚಾದಷ್ಟೂ ಪಂದ್ಯದ ಬಿಸಿ ಕಡಿಮೆಯಾಗುತ್ತಾ ಹೋಯಿತು.

ನಿಯಮ ಎಷ್ಟೇ ಸಡಿಲಿಸಿದರೂ ಡಿಕ್ಕಿ ಡಿಕ್ಕಿಯೇ. ಕಬಡ್ಡಿಯಲ್ಲಿ ದಾಳಿಗಾರನನ್ನು ಅರೆಮನಸ್ಸಿನಿಂದ ಹಿಡಿಯಲು ಹೋದವನ ಬೆರಳೇ ಮುರಿಯುವಂತೆ, ಇಲ್ಲೂ ಒಬ್ಬ ಪೂರ್ತಿ ವೇಗದಲ್ಲಿ, ಇನ್ನೊಬ್ಬ ಅರ್ಧ ವೇಗದಲ್ಲಿ ಬಂದಾಗಲೇ ಅಪಾಯ ಹೆಚ್ಚು. 2007ರ ಪಂದ್ಯದಲ್ಲಿ ಪಂಟರ್ ಬ್ರಯಾನ್ ಮೂರ್ಮನ್ ಚೆಂಡು ಒದೆಯುವ ಬದಲು ಹಿಡಿದುಕೊಂಡು ಓಡಿದ. ವಾಷಿಂಗ್ಟನ್ ತಂಡದ ಶಾನ್ ಟೇಲರ್ ಅವನನ್ನು ಲೀಗ್ ಪಂದ್ಯದಲ್ಲಿ ಹೊಡೆಯುವ ಹಾಗೆಯೇ ಹೊಡೆದು ಕೆಡವಿದ. ಮೂರ್ಮನ್ ಎದ್ದು ನಿಂತ, ಆ ದೃಶ್ಯ ಇಂದಿಗೂ ಜನರ ನಾಲಿಗೆಯ ಮೇಲಿದೆ. 2016ರ ಜನವರಿಯಲ್ಲಿ ಸಿನ್ಸಿನಾಟಿ ತಂಡದ ಟೈಲರ್ ಐಫರ್ಟ್‌ಗೆ ಆ ಅದೃಷ್ಟವಿರಲಿಲ್ಲ. ಪ್ರೊ ಬೌಲ್‌ನಲ್ಲಿ ಕಣಕಾಲಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಬೇಕಾಯಿತು, ಮುಂದಿನ ಋತುವಿನ ಆರಂಭದ ಪಂದ್ಯಗಳು ತಪ್ಪಿದವು. ಎನ್‌ಎಫ್‌ಎಲ್ ಒಪ್ಪಂದಗಳಲ್ಲಿ ಹೆಸರಿಗೆ ಬರೆದ ಹಣವೆಲ್ಲ ಖಾತ್ರಿಯ ಹಣವಲ್ಲ, ಗಾಯಗೊಂಡವನನ್ನು ಕ್ಲಬ್ ಮುಂದಿನ ವರ್ಷ ಕೈಬಿಡಬಹುದು. ಪ್ರೊ ಬೌಲ್ ಸಂಭಾವನೆಯಾದರೋ 2024ರಲ್ಲಿ ಗೆದ್ದ ಕಡೆಯವರಿಗೆ ತಲಾ 88,000 ಡಾಲರ್, ಸೋತವರಿಗೆ 44,000. ಕೋಟಿಗಟ್ಟಲೆ ಒಪ್ಪಂದವನ್ನು ಪಣಕ್ಕಿಟ್ಟು ಇದಕ್ಕಾಗಿ ಮೈ ಒಡ್ಡುವವರು ಯಾರು?

ಹಾಗಾದರೆ ಪ್ರೊ ಬೌಲ್‌ಗೆ ಬೆಲೆಯಿಲ್ಲವೇ? ಪಂದ್ಯಕ್ಕಿಲ್ಲ, ಆಯ್ಕೆಗಿದೆ. ಅಭಿಮಾನಿಗಳು, ಆಟಗಾರರು, ತರಬೇತುದಾರರು, ಈ ಮೂರು ವರ್ಗದ ಮತಕ್ಕೂ ಮೂರನೇ ಒಂದು ಪಾಲಿನ ತೂಕ. ಅಭಿಮಾನಿಗಳಿಗೆ ಮತ ಸಿಕ್ಕಿದ್ದು 1995ರಲ್ಲಿ. ಆಟಗಾರರೂ ತರಬೇತುದಾರರೂ ತಮ್ಮ ತಂಡದವರಿಗೇ ಮತ ಹಾಕುವಂತಿಲ್ಲ. ಲೀಗ್‌ನ ಎರಡು ಭಾಗಗಳಾದ ಎಎಫ್‌ಸಿ, ಎನ್‌ಎಫ್‌ಸಿ ಕಾನ್ಫರೆನ್ಸ್‌ಗಳಿಂದ 44ರಂತೆ 88 ಮಂದಿ. ಕ್ವಾರ್ಟರ್‌ಬ್ಯಾಕ್ 3, ರಿಸೀವರ್ 4, ಟ್ಯಾಕಲ್ ಎಂಬ ಅಂಚಿನ ಲೈನ್‌ಮನ್ 3, ಹೀಗೆ ಪ್ರತಿ ಸ್ಥಾನಕ್ಕೂ ಲೆಕ್ಕವಿದೆ. ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ 15 ಸಲ ಆಯ್ಕೆಯಾಗಿದ್ದು ದಾಖಲೆ.

ಈ ಆಯ್ಕೆ ನೇರವಾಗಿ ಸಂಬಳಕ್ಕೆ ಹೋಗಿ ಮುಟ್ಟುತ್ತದೆ. 2020ರ ಕಾರ್ಮಿಕ ಒಪ್ಪಂದದ ಪ್ರಕಾರ, ಹೊಸ ಆಟಗಾರರನ್ನು ಕ್ಲಬ್‌ಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಬಂದ ಹುಡುಗನನ್ನು ಐದನೆಯ ವರ್ಷಕ್ಕೂ ಉಳಿಸಿಕೊಳ್ಳುವ ಹಕ್ಕು ಕ್ಲಬ್‌ಗಿದೆ. ಆ ವರ್ಷದ ಸಂಬಳ ನಿಗದಿಯಾಗುವಾಗ ಮೊದಲ ಮೂರು ಋತುಗಳನ್ನು ನೋಡುತ್ತಾರೆ. ಒಮ್ಮೆ ಪ್ರೊ ಬೌಲ್‌ಗೆ ಆಯ್ಕೆಯಾಗಿದ್ದರೆ ಸಂಬಳ ಒಂದು ಮೆಟ್ಟಿಲು ಮೇಲಕ್ಕೆ ಹೋಗುತ್ತದೆ, ಎರಡು ಸಲವಾಗಿದ್ದರೆ ಫ್ರಾಂಚೈಸ್ ಟ್ಯಾಗ್ ಎಂಬ ಅತ್ಯುನ್ನತ ಮಟ್ಟಕ್ಕೇ ಏರುತ್ತದೆ. ಷರತ್ತು ಒಂದೇ, ಹೆಸರು ಮೂಲ ಪಟ್ಟಿಯಲ್ಲೇ ಇರಬೇಕು. ಬದಲಿಯಾಗಿ ಒಳಬಂದರೆ ಲೆಕ್ಕಕ್ಕಿಲ್ಲ. ಈ ಷರತ್ತು ಬಹಳ ಮುಖ್ಯ, ಯಾಕೆಂದರೆ ಆರಿಸಿದವರಲ್ಲಿ ಗಾಯಾಳುಗಳು ಬರುವುದಿಲ್ಲ, ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ತಲುಪಿದವರು ಬರುವುದಿಲ್ಲ, ಕೆಲವರು ತಾವಾಗಿಯೇ ಒಲ್ಲೆ ಎನ್ನುತ್ತಾರೆ. ಬದಲಿಗೆ ಬದಲಿ ಹುಡುಕುತ್ತಾ 2022ರ ಋತುವಿನಲ್ಲಿ ಬಾಲ್ಟಿಮೋರ್‌ನ ಟೈಲರ್ ಹಂಟ್ಲಿ ತನಕ ಬಂದರು. ಆ ಋತುವಿನಲ್ಲಿ ಅವರು ಆರಂಭಿಕ ಕ್ವಾರ್ಟರ್‌ಬ್ಯಾಕ್ ಆಗಿದ್ದು 4 ಪಂದ್ಯಗಳಲ್ಲಿ, ನೇರ ಅಂಕ ತಂದ ಟಚ್‌ಡೌನ್ ಪಾಸ್ ಎಸೆದದ್ದು 2. ತಪ್ಪು ಹಂಟ್ಲಿಯವರದ್ದಲ್ಲ, ಕರೆದಾಗ ಬಂದರು. ಆದರೆ ಸರದಿ ಅಷ್ಟು ಕೆಳಕ್ಕೆ ಇಳಿದರೆ ಗೌರವದ ಕಸುವು ಉಳಿಯುವುದು ಕಷ್ಟ.

ಈ ಪಂದ್ಯಕ್ಕೆ ಹಿಂದೆ ದೊಡ್ಡ ತೂಕವಿತ್ತು. 1939ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆಗಿನ ಚಾಂಪಿಯನ್ ನ್ಯೂಯಾರ್ಕ್ ಜೈಂಟ್ಸ್, ಆಯ್ದ ಆಟಗಾರರ ತಂಡವನ್ನು 13-10ರಿಂದ ಸೋಲಿಸಿದ್ದು ಇದರ ಮೂಲ. ಯುದ್ಧಕಾಲದಲ್ಲಿ ನಿಂತು, 1951ರಲ್ಲಿ ಅದೇ ಊರಿನ ಮೆಮೋರಿಯಲ್ ಕೊಲಿಸಿಯಂನಲ್ಲಿ ಪ್ರೊ ಬೌಲ್ ಎಂಬ ಹೆಸರಿನಲ್ಲಿ ಮತ್ತೆ ಶುರುವಾಯಿತು.

ಎನ್‌ಎಫ್‌ಎಲ್‌ನ ಆಗಿನ ಎದುರಾಳಿ ಲೀಗ್ ಎಎಫ್‌ಎಲ್‌ಗೂ ಆಯ್ದ ಆಟಗಾರರ ತನ್ನದೇ ಆಲ್-ಸ್ಟಾರ್ ಪಂದ್ಯವಿತ್ತು. 1965ರ ಜನವರಿಯಲ್ಲಿ ಅದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆಯಬೇಕಿತ್ತು. ವರ್ಣಭೇದವನ್ನು ನಿಷೇಧಿಸುವ ನಾಗರಿಕ ಹಕ್ಕು ಕಾಯಿದೆ ಬಂದು ಆರು ತಿಂಗಳಷ್ಟೇ ಆಗಿತ್ತು. ಊರಿಗೆ ಬಂದಿಳಿದ ಕಪ್ಪು ಆಟಗಾರರನ್ನು ಟ್ಯಾಕ್ಸಿಯವರು ಹತ್ತಿಸಿಕೊಳ್ಳಲಿಲ್ಲ, ಕ್ಲಬ್‌ಗಳು ಬಾಗಿಲಲ್ಲೇ ತಡೆದವು. 21 ಮಂದಿ ಕಪ್ಪು ಆಟಗಾರರು ಸೇರಿ ಚರ್ಚಿಸಿ, ಈ ಊರಲ್ಲಿ ಆಡುವುದಿಲ್ಲ ಎಂದು ನಿರ್ಧರಿಸಿದರು. ಬಿಳಿಯ ಸಹ ಆಟಗಾರರಲ್ಲಿ ಹಲವರು ಅವರ ಜೊತೆ ನಿಂತರು. ಲೀಗ್ ಮುಖ್ಯಸ್ಥ ಜೋ ಫಾಸ್ ಕೆಲವೇ ದಿನಗಳಲ್ಲಿ ಪಂದ್ಯವನ್ನು ಹ್ಯೂಸ್ಟನ್‌ಗೆ ಸ್ಥಳಾಂತರಿಸಿದರು. ವೃತ್ತಿಪರ ತಂಡ ಒಂದನ್ನು ತನಗಾಗಿ ಪಡೆಯಲು ಹವಣಿಸುತ್ತಿದ್ದ ಊರಿಗೆ ಅದು ದೊಡ್ಡ ಪೆಟ್ಟು. ಬೇರೆ ಬೇರೆ ತಂಡಗಳ ಪ್ರಮುಖರು ಒಂದೇ ಕಡೆ ಸೇರಿದ್ದರಿಂದಲೇ ಆ ನಿರ್ಧಾರಕ್ಕೆ ಅಷ್ಟು ಬಲ ಬಂತು. ಆಲ್-ಸ್ಟಾರ್ ಪಂದ್ಯಗಳ ಇತಿಹಾಸದಲ್ಲಿ ನಾನು ಅತ್ಯಂತ ಗೌರವದಿಂದ ನೆನೆಯುವುದು, ಆ ಊರಿನಲ್ಲಿ ನಡೆಯದೇ ಹೋದ ಆ ಒಂದು ಪಂದ್ಯವನ್ನು.

ಎರಡು ಲೀಗ್‌ಗಳು ಒಂದಾದ ಮೇಲೆ, 1980ರಿಂದ 2009ರವರೆಗೆ ಪ್ರೊ ಬೌಲ್ ಹವಾಯಿಯ ಅಲೋಹಾ ಸ್ಟೇಡಿಯಂನಲ್ಲಿ ನೆಲೆಸಿತು. ಆಟಗಾರರಿಗೆ ಹೆಂಡತಿ ಮಕ್ಕಳೊಂದಿಗೆ ಸಮುದ್ರ ತೀರದ ರಜೆ, ಅದರ ಜೊತೆಗೊಂದು ಪಂದ್ಯ. 2012ರಲ್ಲಿ ಎಎಫ್‌ಸಿ 59-41ರಿಂದ ಗೆದ್ದಾಗ ನಿರಾಸಕ್ತಿ ಎಷ್ಟು ಎದ್ದು ಕಂಡಿತೆಂದರೆ, ಸ್ವತಃ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ತನ್ನ ಕಡೆಯ ಕೆಲವರ ಆಟವನ್ನು ಬಹಿರಂಗವಾಗಿ ಟೀಕಿಸಿದರು. ಲೀಗ್ 2014ರಲ್ಲಿ ಚಿಕಿತ್ಸೆ ಶುರು ಮಾಡಿತು. ಕಾನ್ಫರೆನ್ಸ್ ಭೇದ ತೆಗೆದು ಮಾಜಿ ತಾರೆಗಳಾದ ಜೆರ‍್ರಿ ರೈಸ್, ಡಿಯಾನ್ ಸ್ಯಾಂಡರ್ಸ್ ಇಬ್ಬರ ಮುಂದಾಳತ್ವದಲ್ಲಿ ಆಟಗಾರರನ್ನು ಹಂಚಿಕೊಳ್ಳುವ ಕ್ರಮ ತಂದಿತು. ಚೆಂಡನ್ನು ದೂರ ಒದ್ದು, ಓಡಿ ಬಂದು ಅಪ್ಪಳಿಸುವ ಕಿಕ್‌ಆಫ್ ರದ್ದಾಗಿ, ಆಟ 25 ಗಜದ ಗೆರೆಯಿಂದ ಶುರುವಾಯಿತು. ಆ ವರ್ಷ ಸ್ಕೋರು 22-21, ಪಂದ್ಯ ಚೆನ್ನಾಗಿತ್ತು. ಹೊಸತನ ಮೂರು ವರ್ಷವೂ ಉಳಿಯಲಿಲ್ಲ. 2022ರಲ್ಲಿ ಲಾಸ್ ವೇಗಸ್‌ಗೆ ಬರುವ ಹೊತ್ತಿಗೆ, ಕೆಡವುವ ಮಾತಿರಲಿ, ಹಿಡಿದುಕೊಂಡರೆ ಸಾಕು ಅಂಪೈರ್ ಸೀಟಿ ಊದುವ ಮಟ್ಟಕ್ಕೆ ಆಟ ಇಳಿದಿತ್ತು.

2023ರಿಂದ ಫ್ಲ್ಯಾಗ್ ಫುಟ್‌ಬಾಲ್. ಪ್ರೊ ಬೌಲ್‌ನಲ್ಲಿ ಒಂದು ಕಡೆಗೆ ಏಳು ಮಂದಿ, 50 ಗಜದ ಅಂಕಣ, ಎರಡೂ ತುದಿಯಲ್ಲಿ ಅಂಕ ಗಳಿಸುವ 10 ಗಜದ ಎಂಡ್ ಜೋನ್. ಚೆಂಡು ಹಿಡಿದವನ ಸೊಂಟದ ಫ್ಲ್ಯಾಗ್ ಕಿತ್ತರೆ ಅವನು ನಿಂತಂತೆ. ಸುಲಭ ಎನಿಸುತ್ತದೆ, ಆದರೆ ಸುಲಭವಲ್ಲ. ಹಿಡಿದು ಕೆಡವುವವನಿಗೆ ಎದುರಾಳಿಯ ಇಡೀ ಮೈ ಗುರಿ, ಇಲ್ಲಿ ಗುರಿ ಅಂಗೈ ಅಗಲದ ಪಟ್ಟಿ. ಕಣ್ಣು ಚೆಂಡಿನ ಮೇಲೆ ಅಥವಾ ಎದುರಾಳಿಯ ಭುಜದ ಮೇಲೆ ಇಟ್ಟವನು ಮೋಸಹೋಗುತ್ತಾನೆ, ಯಾಕೆಂದರೆ ಭುಜ ಸುಳ್ಳು ಹೇಳಬಲ್ಲದು, ಸೊಂಟ ಹೇಳಲಾರದು. ಓಡುವವನು ಕೈಯಿಂದ ಫ್ಲ್ಯಾಗ್ ಮುಚ್ಚಿಕೊಂಡರೆ ದಂಡ. ಎದೆಗೆ ಕೈಕೊಟ್ಟು ತಳ್ಳುವುದು, ತಲೆ ತಗ್ಗಿಸಿ ನುಗ್ಗುವುದು ಎನ್‌ಎಫ್‌ಎಲ್ ಆಟಗಾರನ ರಕ್ತದಲ್ಲೇ ಇಳಿದ ಅಭ್ಯಾಸಗಳು, ಇಲ್ಲಿ ಅವೆರಡೂ ತಪ್ಪು. ಅಂಗಿ ಚಡ್ಡಿಯೊಳಗೆ ಸಿಕ್ಕಿಸಿರಬೇಕು, ಚಡ್ಡಿಗೆ ಜೇಬಿರಬಾರದು. ಜೇಬಿದ್ದರೆ ಫ್ಲ್ಯಾಗ್‌ಗೆ ಕೈಹಾಕಿದವನ ಬೆರಳು ಅದರಲ್ಲಿ ಸಿಕ್ಕಿ ಮುರಿಯಬಹುದು.

ಇದರಲ್ಲಿ ಅಪಾಯವೇ ಇಲ್ಲವೆಂದು ಯಾರೂ ತಿಳಿಯಬಾರದು. 1999ರಲ್ಲಿ ಪ್ರೊ ಬೌಲ್ ವಾರದಲ್ಲೇ ವೈಕಿಕಿ ಕಡಲತೀರದ ಮರಳಿನ ಮೇಲೆ ಹೊಸಬರಿಗಾಗಿ ಫ್ಲ್ಯಾಗ್ ಪಂದ್ಯ ನಡೆಸಿದ್ದರು. ನ್ಯೂ ಇಂಗ್ಲೆಂಡ್ ತಂಡದ ರಾಬರ್ಟ್ ಎಡ್ವರ್ಡ್ಸ್, ತನ್ನ ಮೊದಲ ಋತುವಿನಲ್ಲೇ 1,115 ಗಜ ಓಡಿದ ಹುಡುಗ, ಹಾರಿ ಇಳಿಯುವಾಗ ಮೊಣಕಾಲು ಕೀಲು ತಪ್ಪಿತು. ಕಾಲನ್ನೇ ತೆಗೆಯಬೇಕಾದೀತು ಎಂಬ ಸ್ಥಿತಿ ಬಂತು. ಮತ್ತೆ ಲೀಗ್‌ನಲ್ಲಿ ಕಾಣಿಸಿಕೊಂಡದ್ದು 2002ರಲ್ಲಿ. ನೆಲ ಗಟ್ಟಿಯಾಗಿ, ಸಮನಾಗಿ ಇರಬೇಕೆಂಬುದು ಫ್ಲ್ಯಾಗ್ ಆಟದ ಮೊದಲ ಅಗತ್ಯ.

ಹೊಸ ರೂಪದಲ್ಲಿ ನನಗೆ ಒಂದು ಕೊರಗಿದೆ. ಆರಂಭದಲ್ಲಿ ಹೇಳಿದ ಆ ಐವರು ಲೈನ್‌ಮನ್‌ಗಳ ಕಸುಬಿಗೆ ಇಲ್ಲಿ ಜಾಗವಿಲ್ಲ. ಹಗ್ಗಜಗ್ಗಾಟದಂಥ ಸ್ಪರ್ಧೆಗಳಲ್ಲಿ ಅವರನ್ನು ಸೇರಿಸಿದ್ದುಂಟು, ಆದರೆ ಅವರ ಚಾತುರ್ಯ ಅದರಲ್ಲಿ ಕಾಣುವುದಿಲ್ಲ. ವರ್ಷವಿಡೀ ಯಾರ ಕಣ್ಣಿಗೂ ಬೀಳದೆ ದುಡಿಯುವವರಿಗೆ ವರ್ಷಕ್ಕೊಮ್ಮೆ ಸಿಗುವ ವೇದಿಕೆಯೂ ಹೀಗಾಗಬಾರದಿತ್ತು.

ಫ್ಲ್ಯಾಗ್ ಫುಟ್‌ಬಾಲ್ ಒಲಿಂಪಿಕ್ಸ್‌ಗೆ ಬಂದ ನಿರ್ಧಾರವಾದದ್ದು ನಮ್ಮ ದೇಶದಲ್ಲೇ. 2023ರ ಅಕ್ಟೋಬರ್‌ನಲ್ಲಿ ಮುಂಬಯಿಯಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ, ಕ್ರಿಕೆಟ್ ಜೊತೆಗೆ ಇದಕ್ಕೂ 2028ರ ಲಾಸ್ ಏಂಜಲೀಸ್ ಕೂಟದಲ್ಲಿ ಜಾಗ ಕೊಟ್ಟಿತು. ಅಲ್ಲಿ ಒಂದು ಕಡೆಗೆ ಐವರೇ. ತನ್ನ 5 ಗಜದ ಗೆರೆಯಿಂದ ಹೊರಟು, 4 ಅವಕಾಶದಲ್ಲಿ ನಡುಗೆರೆ ದಾಟಬೇಕು, ಇನ್ನು 4ರಲ್ಲಿ ಅಂಕ ಗಳಿಸಬೇಕು. ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವನು 7 ಗಜ ಹಿಂದಿನಿಂದ ಹೊರಡಬೇಕು. ಗೋಲಿನ ಕೊನೆಯ 5 ಗಜದಲ್ಲಿ ಚೆಂಡು ಹಿಡಿದು ಓಡುವಂತಿಲ್ಲ, ಪಾಸ್ ಕೊಡಲೇಬೇಕು.

2025ರ ಮೇ ತಿಂಗಳಲ್ಲಿ ಎನ್‌ಎಫ್‌ಎಲ್ ಕ್ಲಬ್ ಮಾಲೀಕರು ತಮ್ಮ ಆಟಗಾರರು ಒಲಿಂಪಿಕ್ಸ್‌ನಲ್ಲಿ ಆಡಲು ಒಪ್ಪಿಗೆ ಕೊಟ್ಟರು, ಒಂದು ರಾಷ್ಟ್ರೀಯ ತಂಡಕ್ಕೆ ಒಂದು ಕ್ಲಬ್‌ನಿಂದ ಒಬ್ಬರು ಎಂಬ ಮಿತಿಯೊಂದಿಗೆ. ಪ್ರೊ ಬೌಲ್‌ಗೆ ಬರುವ ಹೆಸರುಗಳೇ ಅಲ್ಲೂ ಬಂದುಬಿಡುತ್ತವೆ ಎಂದು ಹಲವರ ಎಣಿಕೆ. ನನಗೆ ಹಾಗನಿಸುವುದಿಲ್ಲ. ಅಮೆರಿಕದ ರಾಷ್ಟ್ರೀಯ ಫ್ಲ್ಯಾಗ್ ತಂಡ 2024ರಲ್ಲಿ ಫಿನ್‌ಲೆಂಡ್‌ನ ಲಾಹ್ಟಿಯಲ್ಲಿ ವಿಶ್ವ ಚಾಂಪಿಯನ್ ಆಗಿದೆ, ಅದರ ಕ್ವಾರ್ಟರ್‌ಬ್ಯಾಕ್ ಡಾರೆಲ್ ಡೂಸೆಟ್ ಮತ್ತು ಸಂಗಡಿಗರು ವರ್ಷಗಳಿಂದ ಇದನ್ನೇ ಆಡಿಕೊಂಡು ಬಂದವರು. ತಂಡದಲ್ಲಿ ಇರುವುದು ಹತ್ತೇ ಜಾಗ. ಆ ಹತ್ತರಲ್ಲೊಂದು ಬೇಕಾದ ಎನ್‌ಎಫ್‌ಎಲ್ ತಾರೆ ಮೊದಲು ತಳ್ಳುವುದನ್ನು ಮರೆಯಬೇಕು, ಸೊಂಟ ನೋಡುವುದನ್ನು ಕಲಿಯಬೇಕು, ಆಮೇಲೆ ಆಯ್ಕೆ ಶಿಬಿರದಲ್ಲಿ ಡೂಸೆಟ್‌ನಂಥವರ ಎದುರು ಅದನ್ನು ಆಡಿ ತೋರಿಸಬೇಕು.

ನಮಸ್ಕಾರ.