ಹಂದಿ, ಏಡಿ, ಇಲಿ: ಕ್ಲಿಪ್ಪರ್‌ಟನ್ ದ್ವೀಪದ ಕಥೆ

(ಕಲಬುರಗಿಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಕೊಟ್ಟ ಉಪನ್ಯಾಸ)

ಎಲ್ಲರಿಗೂ ಶರಣು ಶರಣಾರ್ಥಿ.

ನಿಮ್ಮಲ್ಲಿ ಬಹಳ ಮಂದಿ ತೊಗರಿ ಬೆಳೆಯುವ ಮನೆಯವರು. ಬಿತ್ತನೆ ಹೊತ್ತಿಗೆ ಡಿಎಪಿ ಚೀಲಕ್ಕೆ ಸಾಲಲ್ಲಿ ನಿಂತವರೂ ಇರಬಹುದು. ಆ ಚೀಲದಲ್ಲಿರುವ ಫಾಸ್ಫೇಟ್ ಇದೆಯಲ್ಲ, ಅದರ ಆಸೆಗೆ ಒಂದು ಕಾಲಕ್ಕೆ ಜನ ಕ್ಲಿಪ್ಪರ್‌ಟನ್ ಎಂಬ ಪುಟ್ಟ ದ್ವೀಪಕ್ಕೂ ಹೋಗಿ ನೆಲೆಸಿದ್ದರು. ಇವತ್ತು ಅಲ್ಲಿ ಒಬ್ಬ ಮನುಷ್ಯನೂ ವಾಸವಿಲ್ಲ.

ದ್ವೀಪ ಇರುವುದು ಪೆಸಿಫಿಕ್ ಸಾಗರದಲ್ಲಿ, ಮೆಕ್ಸಿಕೋ ಕರಾವಳಿಯಿಂದ ಸಾವಿರ ಕಿ.ಮೀ.ಗೂ ಆಚೆ. ಹಕ್ಕು ಮಾತ್ರ ಫ್ರಾನ್ಸಿನದು. ಪಶ್ಚಿಮ ರೇಖಾಂಶ 109 ಡಿಗ್ರಿ. ನಮ್ಮ ಕಲಬುರಗಿ ಪೂರ್ವ 77ರ ಹತ್ತಿರ. ಕೂಡಿಸಿ ನೋಡಿ, ಭೂಮಿಯ ಅರ್ಧ ಸುತ್ತು ದಾಟುತ್ತದೆ. ನಮಗೆ ಸೂರ್ಯ ನೆತ್ತಿಗೆ ಬಂದಾಗ ಅಲ್ಲಿ ನಡುರಾತ್ರಿ.

ಆಕಾರ ಸೊಟ್ಟಾದ ಬಳೆಯಂತೆ. ಸುತ್ತಲೂ ನಡೆದರೆ ಸುಮಾರು 12 ಕಿ.ಮೀ. ಕೆಲವು ಕಡೆ ಅಗಲ ನೂರು ಮೀಟರ್ ಕೂಡ ಇಲ್ಲ. ಬಹುಪಾಲು ನೆಲ ಸಮುದ್ರಕ್ಕಿಂತ ಒಂದೆರಡು ಮೀಟರ್ ಎತ್ತರ, ಅಷ್ಟೇ. ಒಂದು ಅಂಚಿನಲ್ಲಿ ಮಾತ್ರ 29 ಮೀಟರಿನ ಬಂಡೆ ಎದ್ದು ನಿಂತಿದೆ. ಅದು ಹಳೇ ಜ್ವಾಲಾಮುಖಿಯ ಉಳಿಕೆ. ಜ್ವಾಲಾಮುಖಿ ನಿಧಾನವಾಗಿ ಕೆಳಗೆ ಕುಸಿಯಿತು, ಅದರ ಸುತ್ತ ಹವಳ ಮೇಲಕ್ಕೆ ಬೆಳೆಯುತ್ತಾ ಹೋಯಿತು. ನಡುವೆ ಉಳಿದದ್ದು ನೀರು. 19ನೇ ಶತಮಾನದಲ್ಲಿ ಆ ನೀರಿಗೆ ಸಮುದ್ರದ ದಾರಿ ಮುಚ್ಚಿಹೋಯಿತು. ಈಗ ಮೇಲ್ಪದರದಲ್ಲಿ ಮಳೆನೀರು ಬೆರೆತು ಉಪ್ಪು ಕಮ್ಮಿ. ಆಳದಲ್ಲಿ ಉಪ್ಪುನೀರು, ಆಮ್ಲಜನಕವಿಲ್ಲ, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ತುಂಬಿದೆ. ಹೊರಗಿನ ಕಡಲಲ್ಲಿ ಹವಳ, ಬಣ್ಣಬಣ್ಣದ ಮೀನು. ಕ್ಲಿಪ್ಪರ್‌ಟನ್ ಏಂಜೆಲ್ ಮೀನಿಗಂತೂ ಜಗತ್ತಿನಲ್ಲಿ ಇದೊಂದೇ ಮನೆ.

ಕಡಲಹಕ್ಕಿಗಳು ಸಾವಿರಾರು ವರ್ಷ ಇಲ್ಲಿ ಹಿಕ್ಕೆ ಹಾಕಿದವು. ಅದು ಹವಳದ ಸುಣ್ಣದ ಜೊತೆ ಬೆರೆತು ಫಾಸ್ಫೇಟ್ ಆಯಿತು. ಅದನ್ನು ಅಗೆಯಲು 1890ರ ದಶಕದಲ್ಲಿ ಕಂಪನಿಗಳು ಬಂದವು. ತೆಂಗು ನೆಟ್ಟರು. ಹಂದಿಗಳೂ ಬಂದವು. ಆಮೇಲೆ ಮೆಕ್ಸಿಕೋ ಸೈನಿಕರು ಸಂಸಾರ ಸಮೇತ ಬಂದು ಕೂತರು. 1914ರಲ್ಲಿ ಅವರ ದೇಶದ ಗಲಾಟೆಯಲ್ಲಿ ದಿನಸಿ ಹಡಗು ನಿಂತುಹೋಯಿತು. 1917ರಲ್ಲಿ ಅಮೆರಿಕದ ನೌಕಾಪಡೆಯ ಹಡಗೊಂದು ಬಂದಾಗ ಬದುಕಿದ್ದವರು 4 ಹೆಂಗಸರು, 7 ಮಕ್ಕಳು. ಇಷ್ಟು ಹೇಳುವಾಗಲೂ ಸಂಕಟ ಆಗುತ್ತದೆ.

ಜನ ಹೋದರು, ಹಂದಿ ಉಳಿದವು. ನಾನು ನಿಮಗೆ ಹೇಳಬೇಕಾದದ್ದು ಶುರುವಾಗುವುದೇ ಇಲ್ಲಿ.

ಈ ದ್ವೀಪದ ತುಂಬ ಕಿತ್ತಳೆ ಬಣ್ಣದ ನೆಲದ ಏಡಿಗಳು. ಮೊಳಕೆ ಬಂದರೆ ಸಾಕು, ಕಚ್ಚಿ ತಿನ್ನುತ್ತವೆ. ಹಂದಿಗಳು ಏಡಿಗಳನ್ನು ತಿಂದವು. ತಿನ್ನುವವರು ಕಮ್ಮಿಯಾದ ಮೇಲೆ ಗಿಡಬಳ್ಳಿ ಹಬ್ಬಿ ದ್ವೀಪ ಹಸಿರಾಯಿತು. ದೂರದಿಂದ ನೋಡಿದವರಿಗೆ ಎಷ್ಟು ಚೆಂದ, ಅಲ್ವಾ? ಆದರೆ ಹಂದಿ ಹಕ್ಕಿಯ ಮೊಟ್ಟೆ, ಮರಿಗಳನ್ನೂ ಬಿಡಲಿಲ್ಲ. 1958ರಲ್ಲಿ ಕೆನ್ ಸ್ಟೇಜರ್ ಎಂಬ ಪಕ್ಷಿವಿಜ್ಞಾನಿ ಹೋದಾಗ ಬೂಬಿ ಎಂಬ ಕಡಲಹಕ್ಕಿಗಳು ಕೆಲವೇ ನೂರು ಉಳಿದಿದ್ದವು. ಅವರು ಬಂದೂಕು ಹಿಡಿದು 58 ಹಂದಿಗಳನ್ನೂ ಕೊಂದರು.

ಆಮೇಲೆ ಏಡಿ ಲಕ್ಷಗಟ್ಟಲೆ ಹೆಚ್ಚಿದವು. ಹಸಿರೆಲ್ಲ ಹೋಯಿತು. ಹವಳದ ಬಿಳಿ ಚೂರುಗಳ ಬರಿ ನೆಲ ಉಳಿಯಿತು. ಬೂಬಿಗೆ ಬೇಕಾದದ್ದು ಅದೇ! ಇಲ್ಲಿ ಹೆಚ್ಚಾಗಿರುವ ಮಾಸ್ಕ್ಡ್ ಬೂಬಿ ಎಂಬ ಜಾತಿ ಗೂಡು ಕಟ್ಟುವುದಿಲ್ಲ, ಬಯಲಲ್ಲೇ ಮೊಟ್ಟೆ ಇಡುತ್ತದೆ. ಕಾವು ಕೊಡುವ ರೀತಿ ನೋಡಬೇಕು: ಬೆರಳುಗಳ ನಡುವೆ ಚರ್ಮವಿರುವ ಅಗಲ ಪಾದಗಳನ್ನು ಮೊಟ್ಟೆಗೆ ಒತ್ತಿ ಕೂರುತ್ತದೆ. ಆ ಪಾದದ ಬಿಸಿಯಲ್ಲೇ ಮರಿ ಬಲಿಯುತ್ತದೆ. 2000ದ ನಂತರದ ಎಣಿಕೆಯಲ್ಲಿ ಮಾಸ್ಕ್ಡ್ ಬೂಬಿಗಳೇ ಒಂದು ಲಕ್ಷ ದಾಟಿದ್ದವು. ಜಗತ್ತಿನಲ್ಲೇ ಅವುಗಳ ಅತಿ ದೊಡ್ಡ ನೆಲೆ ಇದು.

ಹಾಗಾಗಿ ಬೋಳು ನೆಲ ಕಂಡ ಕೂಡಲೇ ‘ಹಾಳಾಗಿದೆ’ ಅನ್ನಬೇಡಿ. ನಮ್ಮ ಬೀದರ್ ಕಡೆಯ ಹುಲ್ಲಿನ ಬಯಲನ್ನೇ ನೋಡಿ. ಕಾಗದದಲ್ಲಿ ಅದು ‘ಬಂಜರು’. ಕೃಷ್ಣಮೃಗ ಓಡುವುದು ಆ ಬಂಜರಿನಲ್ಲೇ. ಅಲ್ಲಿ ಸಾಲಾಗಿ ಗಿಡ ನೆಟ್ಟು ಫೋಟೋ ತೆಗೆಸಿಕೊಂಡರೆ ಜಿಂಕೆಗೆ ಉಪಕಾರ ಆಗುವುದಿಲ್ಲ.

ಈಗ ದ್ವೀಪಕ್ಕೆ ಇಲಿ ಬಂದಿವೆ. 2000ದ ಆಸುಪಾಸಿನಲ್ಲಿ ದಡಕ್ಕೆ ಬಡಿದು ಒಡೆದ ಮೀನುಗಾರಿಕೆ ದೋಣಿಗಳಿಂದ ಇಳಿದವು ಅಂತ ವಿಜ್ಞಾನಿಗಳ ಲೆಕ್ಕ. ಇಲಿ ಏಡಿಮರಿಗಳನ್ನು ತಿನ್ನುತ್ತವೆ, ಮತ್ತೆ ಹಸಿರು ಹಬ್ಬುತ್ತಿದೆ. ಹಕ್ಕಿಗಳಿಗೆ ಮತ್ತೆ ಅಪಾಯ. ಇಲಿಗಳನ್ನು ತೆಗೆಯಲೇಬೇಕು ಅನ್ನುವವನು ನಾನು. ಆ ಹಸಿರಿಗಿಂತ ಹಕ್ಕಿಗಳ ಹಕ್ಕು ಹಳೆಯದು.

ಕೆಲಸ ಮಾತ್ರ ಹಂದಿ ಕೊಂದಷ್ಟು ಸುಲಭವಲ್ಲ. ಇಲಿ ಒಂದು ಜೋಡಿ ಉಳಿದರೂ ಮತ್ತೆ ಮೊದಲಿನಿಂದ ಶುರು. ವಿಷದ ಗುಳಿಗೆ ಚೆಲ್ಲಿದರೆ ಇಲಿಗಿಂತ ಮೊದಲು ಏಡಿಗಳೇ ಬಂದು ತಿಂದು ಮುಗಿಸುತ್ತವೆ. ಆ ವಿಷ ಸಾಮಾನ್ಯವಾಗಿ ಏಡಿಯನ್ನು ಕೊಲ್ಲುವುದಿಲ್ಲ, ಇಲಿಗೆ ಮಾತ್ರ ಪಾಲು ಸಿಗುವುದಿಲ್ಲ. ಹಾಗಾಗಿ ಗುಳಿಗೆ ಬಹಳ ಜಾಸ್ತಿ ಬೇಕು. ಅದನ್ನೆಲ್ಲ ಹಡಗಿನಲ್ಲಿ ದಿನಗಟ್ಟಲೆ ಸಾಗಿಸಿ, ಅಲೆ ಒಡೆಯುವ ಹವಳದ ಅಂಚು ದಾಟಿಸಿ, ಸಣ್ಣ ದೋಣಿಗಳಲ್ಲಿ ದಡಕ್ಕೆ ಇಳಿಸಬೇಕು.

ಈಗ ನಕ್ಷೆ ಹಾಕುತ್ತೇನೆ. ಹಿಂದೆ ಕೂತವರು ಮುಂದೆ ಬನ್ನಿ, ಏನು ಕೇಳಬೇಕೋ ಕೇಳಿ.